ಇಸ್ತ್ರಿ ಮಾಡಿದ ಪರದೆ

ಡಬ್ಬಿ ತೆರೆದರೆ ಗಪ್ಪೆಂದು ಹುಳಿ.
ಹಳೆಯ ರೀಲು ಸಾಯುವುದೇ ಹೀಗೆ,
ಅಟ್ಟದ ಮೇಲೆ ಮರೆತ ಉಪ್ಪಿನಕಾಯಿ ಭರಣಿಯ ಹಾಗೆ.
ಸೇಂಟ್ ಲೂಯಿಸಿನ ಈ ಮೂರನೇ ಮಹಡಿಯಲ್ಲಿ
ಹನ್ನೊಂದು ವಾರದಿಂದ ಕೂತಿದ್ದೇನೆ,
ಹೋಸಿಯಾ ಪೆಟಿಫೋರ್ಡನ ಎಂಬತ್ತಾರು ವರ್ಷಗಳನ್ನು
ಎಂಬತ್ತಾರು ನಿಮಿಷಕ್ಕೆ ಕತ್ತರಿಸುತ್ತ.
ವರ್ಷಕ್ಕೊಂದು ನಿಮಿಷ.
ಲೆಕ್ಕ ಚೆನ್ನಾಗಿದೆ, ಚಾನೆಲ್ಲಿನವರಿಗೂ ಹಿಡಿಸಿತು.

ನಿಮಿಷಕ್ಕೆ ಸಿಗುವ ಆಸಾಮಿಯಲ್ಲ ಅವನು.
ಹುಟ್ಟಿದ್ದು ಕೈರೋ. ಈಜಿಪ್ಟಿನದಲ್ಲ, ಇಲಿನಾಯ್‌ನದು,
ಎರಡು ನದಿ ಕೂಡುವ ಮೂಲೆ;
ಅಲ್ಲಿಯವರ ಬಾಯಲ್ಲಿ ಅದು ಕೇರೋ.
ಹದಿನಾಲ್ಕಕ್ಕೆ ಹಡಗಿನ ಅಡುಗೆಮನೆ, ಮೂಟೆಗಟ್ಟಲೆ ಈರುಳ್ಳಿ.
ಯುದ್ಧಕ್ಕೆ ಹೋದವನ ಕೈಗೆ ಬಂದೂಕು ಕೊಡಲಿಲ್ಲ;
ಇಟಲಿಯ ಆಸ್ಪತ್ರೆಯೊಂದರ ಕತ್ತಲೆಕೋಣೆಯಲ್ಲಿ
ಮುರಿದ ಎಲುಬುಗಳ ಎಕ್ಸ್‌ರೇ ತೊಳೆದ.
‘ಒಳಗೆ ಎಲ್ಲರೂ ಬೂದುಬಣ್ಣ ಕಣಮ್ಮಾ’
ಎಂದು ಬರೆದ ಸಾಲಿಗೆ ಸೆನ್ಸಾರಿನವರು ಮಸಿ ಬಳಿದಿದ್ದಾರೆ.
ಬೆಳಕಿಗೆ ಹಿಡಿದರೆ ಓದಬಹುದು. ಹಿಡಿದೆ.

ಮರಳಿ ಬಂದು ಕ್ಷೌರ. ಪಿಯಾನೊಗಳಿಗೆ ಶ್ರುತಿ.
ಶವಪೆಟ್ಟಿಗೆಗಳಿಗೆ ಪಾಲಿಶ್.
ಎರಡು ವರ್ಷ ಲುಸಾಕಾದಲ್ಲಿ
ಕ್ಯಾಮೆರಾ ಹಿಡಿಯುವುದು ಕಲಿಸಿದ, ಕೋಳಿ ಸಾಕುವುದು ಕಲಿತ.
ಇವೆಲ್ಲದರ ಸಂದಿಯಲ್ಲಿ, ಬಿಡುವು ಮಾಡಿಕೊಂಡು,
ಒಂಬತ್ತು ಸಿನಿಮಾ.

ಪ್ರೊಫೆಸರು ಬಂದು ‘ಪ್ರವರ್ತಕ’ ಎಂದು ನಾಲ್ಕು ಸಲ ಹೇಳಿ ಹೋದರು.
ಮೂರು ಕತ್ತರಿಸಿದೆ.

ಮಗಳು ಆರ್ಡಿತ್, ಎಪ್ಪತ್ತೊಂದು ವಯಸ್ಸು,
ಚರ್ಚಿನ ನೇರಳೆ ಟೋಪಿ ತೆಗೆಯದೆ
ದೀಪದ ಎದುರು ಕೂತಳು. ನಗುವಿಲ್ಲ.
‘ಎಷ್ಟು ಜನ ಅಪ್ಪಂದಿರನ್ನ ಮಾಡಿದೀರಿ ನನಗೆ?
ಇದ್ದವನು ಒಬ್ಬನೇ. ಬಾಡಿಗೆ ಕಟ್ಟಬೇಕಿತ್ತು ಅವನು.
ಬಹುಮುಖ ಪ್ರತಿಭೆ ಅಂತೀರಿ ನೀವು.
ನಮ್ಮ ಮನೇಲಿ ಅದನ್ನ
ತಿಂಗಳ ಕೊನೆ ಅಂತಿದ್ವಿ.’

ಮೊದಲ ಚಿತ್ರ ತೆಗೆದದ್ದು ಕ್ಷೌರದಂಗಡಿಯಲ್ಲೇ,
ಅಂಗಡಿ ಮುಚ್ಚಿದ ರಾತ್ರಿಗಳಲ್ಲಿ, ಸಾಲ ತಂದ ಕ್ಯಾಮೆರಾದಲ್ಲಿ.
ಊರಿನ ಟಾಕೀಸಿನಲ್ಲಿ ಅವನ ಜನಕ್ಕೆ
ಹಿಂಬದಿಯ ಕಬ್ಬಿಣದ ಮೆಟ್ಟಿಲು, ಮೇಲಿನ ಬಾಲ್ಕನಿ.
‘ಪರದೆಗೆ ಹತ್ತುವ ಮೆಟ್ಟಿಲು ಯಾವ ಕಡೆ ಸ್ವಾಮಿ?’ ಎಂದು ಕೇಳಿದನಂತೆ.
ಮಾಲೀಕ ಬಾಗಿಲು ತೋರಿಸಿದ.
ಕೊನೆಗೆ ಚರ್ಚಿನ ನೆಲಮಾಳಿಗೆ,
ಗೋಡೆಗೆ ಹೊಡೆದ ಎಂಟು ಮೊಳೆ, ಒಂದು ಹಾಸಿಗೆಯ ಬಟ್ಟೆ.

ಇವತ್ತು ತೆರೆದ ಡಬ್ಬಿಯ ಮೇಲೆ ‘ಜ಼ೆನೋಬಿಯಾ’ ಎಂದಷ್ಟೇ ಇದೆ.
ಅವನ ಹೆಂಡತಿ. ನಲವತ್ತು ಸೆಕೆಂಡು. ಸದ್ದಿಲ್ಲ.
ಅದೇ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ.
ಮುಚ್ಚಳಕ್ಕೆ ತೂತು ಹೊಡೆದ ಸೋಡಾ ಬಾಟಲಿಯಿಂದ
ನೀರು ಚಿಮುಕಿಸಿ, ನಡು ಮಡಿಕೆಯ ಮೇಲೆ
ಒಮ್ಮೆ, ಇನ್ನೊಮ್ಮೆ, ಮತ್ತೂ ಒಮ್ಮೆ ಒತ್ತುತ್ತಾಳೆ.
ಗೆರೆ ಉಳಿದರೆ ಎಲ್ಲರ ಮುಖವೂ ಎರಡು ಹೋಳು.
ಆಮೇಲೆ ತಲೆಯೆತ್ತಿ ನೇರ ಕ್ಯಾಮೆರಾಕ್ಕೆ
ಏನೋ ಅನ್ನುತ್ತಾಳೆ.

ಆರ್ಡಿತ್‌ಗೆ ತೋರಿಸಿದೆ. ಮೂರು ಸಲ ನೋಡಿದಳು.
‘ಏನಂದರು ನಿಮ್ಮಮ್ಮ?’
‘ಇನ್ನೇನಂತಾಳೆ?
ಕರೆಂಟ್ ಬಿಲ್ ಕಟ್ಟಿದ್ಯಾ ಅಂತ.’
ಆಗ ನಕ್ಕಳು, ಟೋಪಿ ಜಾರುವಷ್ಟು.
ನಮ್ಮ ಕ್ಯಾಮೆರಾ ಆಗಲೇ ಚೀಲ ಸೇರಿತ್ತು.

ನಲವತ್ತು ಸೆಕೆಂಡಿಗೆ ಜಾಗ ಬೇಕು.
ಯಾವ ವರ್ಷ ಮುರಿಯಲಿ?
ಪ್ಯಾರಿಸಿನ ಪ್ರಶಸ್ತಿಯ ಭಾಷಣ ತೆಗೆದುಹಾಕಿದೆ.
ನಾಳೆ ಚಾನೆಲ್ಲಿನಿಂದ ಫೋನು ಬರುತ್ತದೆ, ಬರಲಿ.

ರೀಲಿನ ಕೊನೆಗೆ ಅವಳು ಬಟ್ಟೆಯನ್ನು ಎರಡೂ ಕೈಯಲ್ಲಿ
ಎತ್ತಿ ಹಿಡಿಯುತ್ತಾಳೆ, ಸಾಕೇ ಎಂದು ತೋರಿಸಲು.
ಚೌಕಟ್ಟಿನ ತುಂಬ ಬಿಳಿ.
ಮೇಲಿನ ಅಂಚಿನಲ್ಲಿ, ಆ ಕಡೆ ನಾಲ್ಕು, ಈ ಕಡೆ ನಾಲ್ಕು,
ಕಪ್ಪು ಬೆರಳು.

ಅಲ್ಲಿಂದ ಶುರು ಮಾಡಿದೆ.