ಕೆಳಗಿನ ಆರು ಪಟ್ಟಿ

ಸೊಂಟದ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ ಶಟರು.
ಒಳಗೆ ಕಾರು, ಹೊರಗೆ ನಾನು,
ಬೆಳಗಿನ ಐದೂಮುಕ್ಕಾಲು.
ಹೆಗಲು ಕೊಟ್ಟು ಎತ್ತಿದರೆ ಒಂದು ಗೇಣು ಮೇಲೆ,
ಬಿಟ್ಟರೆ ಎರಡು ಗೇಣು ಕೆಳಗೆ.
ರಾಯಚೂರಿನ ಮೇ ತಿಂಗಳು;
ಒಂಬತ್ತಾದ ಮೇಲೆ ಬರಿಗೈಲಿ ಮುಟ್ಟುವ ಹಾಗಿಲ್ಲ,
ಹಂಚು ಇಳಿಸುವವಳಂತೆ ಒದ್ದೆಬಟ್ಟೆ ಹಿಡಿಯಬೇಕು.

ಗಂಜಿನ ಹತ್ತಿರದ ಅಂಗಡಿಯವನು ಕ್ಯಾಟಲಾಗು ತೆರೆದ:
ಮೋಟಾರು, ರಿಮೋಟು, ಮೂರು ಬಣ್ಣ, ಇಪ್ಪತ್ತೆಂಟು ಸಾವಿರ.
"ಬೆರಳು ಒತ್ರಿ ಮೇಡಂ, ತಾನ ಏಳ್ತದ."
ಕರೆಂಟು ಹೋದಾಗ?
ಅವನು ನಕ್ಕ. ನಾನೂ ನಕ್ಕೆ.
ಊರಾಚೆ ನದಿಯ ಕಡೆ ಆ ಎತ್ತರದ ಚಿಮಣಿಗಳು
ಕಲ್ಲಿದ್ದಲು ಉರಿಸಿ ದೂರದೂರಕ್ಕೆ ಬೆಳಕು ಕಳಿಸುತ್ತವೆ;
ನಮ್ಮ ಓಣಿಗೆ ಮಧ್ಯಾಹ್ನ ಎರಡಕ್ಕೆ ರಜೆ.

ಚಾಂದಪಾಷಾ ಬಂದದ್ದು ಸೈಕಲ್ಲಿನ ಮೇಲೆ,
ಏಣಿ ಹೆಗಲಿಗೆ, ಗ್ರೀಸಿನ ಡಬ್ಬಿ ಹ್ಯಾಂಡಲ್ಲಿಗೆ.
ಡ್ರಮ್ಮಿಗೆ ಕಿವಿ ಹಚ್ಚಿ,
ಎಳೀರಿ ಅಂದ, ಬಿಡ್ರಿ ಅಂದ, ಮತ್ತೆ ಎಳೀರಿ ಅಂದ.
"ಸ್ಪ್ರಿಂಗ್ ಸತ್ತದ್ರೀ. ಎರಡು ಹಾಕಿದ್ರ
ಮೂರು ಸಾವಿರದಾಗ ಎದ್ದು ಕುಂದರ್ತದ.
ಆದ್ರ ಕೆಳಗಿನ ಈ ಪಟ್ಟಿಗೆ ಯಾವ ಲಾರಿ ಗುದ್ದೇದ?"

ಲಾರಿಯಲ್ಲ.
ಹತ್ತೊಂಬತ್ತು ವರ್ಷ ಈ ಓಣಿಯಲ್ಲಿ
ಹೆಂಗಸರಿಗೆ ಕಾರು ಕಲಿಸಿದ್ದೇನೆ,
ಮೊದಲ ರಿವರ್ಸು ಯಾವತ್ತೂ ಇದಕ್ಕೇ.
ಈ ಆಳದ ಕುಳಿ ನರ್ಸ್ ಎಸ್ತೇರಮ್ಮನದು,
ರಾತ್ರಿಪಾಳಿಗೆ ತಮ್ಮನ ಬೈಕು ಕಾದು ಕಾದು ಸಾಕಾಗಿ ಬಂದವಳು.
ಇದು ಹತ್ತಿ ವಖಾರಿಯಲ್ಲಿ ಲೆಕ್ಕ ಬರೆಯುವ ತಾಯಮ್ಮ;
ಗುದ್ದಿದಳು, ಇಳಿದಳು, ಶಟರಿಗೇ ಬೈದಳು.
ಉದ್ದನೆಯ ಗೀರು ಝುಬೇದಾ.
ಐದನೇ ಸಲಕ್ಕೆ ಲೈಸೆನ್ಸು ಸಿಕ್ಕು
ಪೇಢೆ ಹಿಡಿದು ತಾನೇ ಓಡಿಸಿಕೊಂಡು ಬಂದು
ನಿಲ್ಲಿಸುವಾಗ ಮತ್ತೆ ಗುದ್ದಿದಳಲ್ಲ, ಅದು ಪಕ್ಕದ್ದು.
ಆ ಸಣ್ಣದು ನನ್ನದು. ಯಾರಿಗೂ ಹೇಳಿಲ್ಲ.

ಪಾಷಾ ಎಲ್ಲ ಕೇಳಿದ.
ಬೀಡಿ ಹಚ್ಚಲಿಲ್ಲ, ಕಿವಿಯ ಮೇಲೇ ಇಟ್ಟುಕೊಂಡ.
"ಹೊಸಾದು ಹಾಕಿದ್ರೂ ಗುದ್ದತಾರಲ್ರೀ?"
ಗುದ್ದುತ್ತಾರೆ.
"ಮತ್ತ ಇಪ್ಪತ್ತೆಂಟು ಸಾವಿರಕ್ಕ ಯಾಕ ಗುದ್ದಸ್ತೀರಿ?"

ಆಮೇಲೆ ಅವನು ಪಟ್ಟಿಗಳನ್ನು
ಒಂದೊಂದಾಗಿ ಪಕ್ಕಕ್ಕೆ ಜಾರಿಸಿ ಬಿಡಿಸಿದ.
ಕುಳಿಬಿದ್ದ ಆರನ್ನು ಅಂಗಳದಲ್ಲಿ ಮಲಗಿಸಿ
ಮರದ ಸುತ್ತಿಗೆಯಿಂದ ಬಡಿದ,
ಸುರುಳಿ ಸುತ್ತುವಷ್ಟು ಮಾತ್ರ.
ಅವನ್ನು ನೆತ್ತಿಗೆ ಏರಿಸಿದ,
ನೆತ್ತಿಯವನ್ನು ನೆಲಕ್ಕೆ ತಂದ.
ಡ್ರಮ್ಮಿನ ಕತ್ತಲಲ್ಲೇ ಸುತ್ತಿಕೊಂಡು ಕೂತಿದ್ದ ತಗಡು,
ಒಂದು ದಿನವೂ ಬಿಸಿಲು ಕಾಣದ ಹಸಿರು.
ಇಡೀ ಬಾಗಿಲು ಹೀಗಿತ್ತೇ, ತಂದ ದಿನ?
ಮರೆತೇಹೋಗಿತ್ತು.
ತಳದಲ್ಲಿ ಬರೆಸಿದ್ದ ಹಳೆಯ ಲ್ಯಾಂಡ್‌ಲೈನ್ ನಂಬರು
ಡ್ರಮ್ಮಿನೊಳಗೆ ಸೇರಿತು.
ಹೇಗೂ ಅದಕ್ಕೆ ಯಾರೂ ಫೋನು ಮಾಡುತ್ತಿರಲಿಲ್ಲ.

ಮೂರು ಸಾವಿರದ ನಾನೂರು ಕೇಳಿದ.
ನಾನೂರು ಯಾತಕ್ಕೆ ಎಂದೆ.
"ಅಷ್ಟು ಮಂದಿನ್ನ ಮ್ಯಾಲ ಹತ್ತಿಸಿದ ಕೂಲಿ."

ಮರುದಿನ ಎರಡೇ ಬೆರಳಿಗೆ ಎದ್ದಿತು.
ಆರು ಗಂಟೆಗೆ ಗಿರಿಜಾಬಾಯಿ,
ಅಂಗನವಾಡಿ, ವಯಸ್ಸು ಐವತ್ತೆರಡು,
ಸೀಟು ಪೂರಾ ಮುಂದೆ, ಸೆರಗು ಸೊಂಟಕ್ಕೆ.
ಕಾರು ಹೊರಗೆ ತಂದು, ಶಟರು ಇಳಿಸಿ, ಪಕ್ಕ ಕೂತು ಕೇಳಿದೆ:
ಕನ್ನಡಿಯಾಗ ಏನು ಕಾಣ್ತದ?
"ಹಸರ ಕಾಣ್ತದ್ರೀ."
ಹಂಗಾದ್ರ ನಿಧಾನ ಬಿಡ್ರಿ ಕ್ಲಚ್ಚು.
ಬಿಟ್ಟಳು, ಒಮ್ಮೆಗೇ.
ನನ್ನ ಕಡೆಯ ಬ್ರೇಕಿನ ಮೇಲೆ ನನ್ನ ಕಾಲು,
ಇನ್ನೂ ಒತ್ತಿಲ್ಲ.