ಒಂದು ಗೋಡೆಗೆ ಮಾತ್ರ ನೀರು

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ವ್ಲಸ್ತಿಮಿಲ್
ನನ್ನ ಬಾಗಿಲು ತಟ್ಟಿ ಕೀಲಿಕೈ ಕೊಟ್ಟ.
ಜೊತೆಗೊಂದು ಚೀಟಿ,
ಗಣಿಯ ಹಳೇ ಹಾಜರಿ ಪುಸ್ತಕದಿಂದ ಹರಿದದ್ದು:

ದಿನಾ ಸಂಜೆ ಒಂದು ಗೋಡೆಗೆ ಮಾತ್ರ ನೀರು ಚಿಮುಕಿಸು.
ಗುರುವಾರ ಎರಡು ಜೀರುಂಡೆ, ದೊಡ್ಡವು ಬೇಡ.
ತೊಗಟೆ ಎತ್ತಬೇಡ.
ಹೆಸರಿಟ್ಟಿಲ್ಲ, ಕರೆಯಬೇಡ.

ಒಸ್ತ್ರಾವಾದ ಈ ಕಟ್ಟಡದಲ್ಲಿ ಎಲ್ಲರಿಗೂ ಅವ
ಹುಳುಹುಪ್ಪಟೆ ಸಾಕುವ ಮುದುಕ.
ಲಿಬುಶೆ ಬದುಕಿದ್ದಾಗ ಪೆಟ್ಟಿಗೆ ಬಚ್ಚಲಿನಲ್ಲಿತ್ತಂತೆ,
ಈಗ ಊಟದ ಮೇಜಿನ ಮೇಲೆ, ಅವಳ ಕುರ್ಚಿಯೆದುರು.

ಮೊದಲ ಸಂಜೆ ನಾನು ಕಂಡದ್ದು ಬರೀ ತೊಗಟೆ.
ಆಮೇಲೆ ತೊಗಟೆಯ ಒಂದು ತುಂಡು ಪಕ್ಕಕ್ಕೆ ಸರಿಯಿತು,
ಏಡಿಯ ಹಾಗೆ ಓರೆಯಾಗಿ.
ಜೇಡವಲ್ಲ, ಚೇಳೂ ಅಲ್ಲ,
ಯಾರೋ ಏಡಿಯೊಂದಕ್ಕೆ ಇಸ್ತ್ರಿ ಹಾಕಿ ಅಂಟಿಸಿದಂತೆ ಚಪ್ಪಟೆ.
ಬಲೆ ನೇಯದು. ವಿಷವಿಲ್ಲ.
ಎದೆಯ ಮುಂದೆ ಮಡಚಿಟ್ಟ ಮುಳ್ಳಿನ ತೋಳೆರಡು,
ಮುಂಗಾಲೆರಡು ನಡೆಯುವುದೇ ಇಲ್ಲ,
ಗೇಣುದ್ದದ ದಾರಗಳು, ಕತ್ತಲನ್ನು ತಡವಿ ತಡವಿ ಓದುತ್ತವೆ.
ಎಡಗಡೆಯದು ಅರ್ಧಕ್ಕೇ ತುಂಡಾಗಿತ್ತು.

ಒಮ್ಮೆ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಹೇಳಿದ್ದ:
ಏಳುನೂರು ಮೀಟರ್ ಕೆಳಗೆ ದೀಪ ಕೆಟ್ಟರೆ ನಾವೂ ಹಾಗೇ,
ಒಂದು ಕೈ ಗೋಡೆಗೆ
ಇನ್ನೊಂದು ಮುಂದಿನವನ ಬೆನ್ನಿಗೆ.
ಮುಂದಿನವನು ಜ್ದೆನ್ಯೆಕ್, ಅಂದ.
ಮತ್ತೆ ಎರಡು ಮೆಟ್ಟಿಲು ಹತ್ತಿದ, ಅಷ್ಟೆ.

ಒಂಬತ್ತನೇ ಸಂಜೆ ಟಾರ್ಚ್ ಹಿಡಿದರೆ
ಒಳಗೆ ಎರಡಿವೆ!
ಒಂದು ತಲೆಕೆಳಗಾಗಿ ನೇತಾಡುತ್ತಿದೆ, ಕಪ್ಪು, ಬೆನ್ನು ಬಿರಿದಿದೆ.
ಅದರ ಕೆಳಗೆ ಇನ್ನೊಂದು,
ಸಿಪ್ಪೆ ಸುಲಿದ ಬಾದಾಮಿಯ ಬಿಳುಪು, ಅಂಚಿನಲ್ಲಿ ಎಳೆ ಹಸಿರು,
ಒದ್ದೆ, ಅಲುಗಾಟವಿಲ್ಲ.
ಕೊಂದೆನೇನೋ ಅಂದುಕೊಂಡು ವಾರ್ಡಿಗೆ ಫೋನು ಮಾಡಿದೆ.
ನರ್ಸ್ ಗೊಣಗುತ್ತಾ ಫೋನನ್ನು ಅವನ ಕಿವಿಗಿಟ್ಟಳು.

ಬೀಳಲಿಲ್ಲ ತಾನೆ?
ಇಲ್ಲ.
ಹಾಗಾದರೆ ಟಾರ್ಚ್ ಆರಿಸು, ಮಾರಾಯ್ತಿ.
ಆಮ್ಲಜನಕದ ಕೊಳವೆಯೊಳಗೆ ನಗುವೋ ಕೆಮ್ಮೋ.
ಪೊರೆಯುವುದು ಅಂದರೆ, ಅಂದ,
ಪೊರೆ ಕಳಚುವಾಗ ಮುಟ್ಟದೆ ಇರುವುದು.
ನಾಳೆ ಬೆಳಗಿನತನಕ ಪೆಟ್ಟಿಗೆ ಅಲುಗಬಾರದು.
ನಿನ್ನ ಟ್ರಾಮ್ ಇದೆಯಲ್ಲ,
ನಮ್ಮ ತಿರುವಿನಲ್ಲಿ ಗಾಜಿನ ಲೋಟಗಳೆಲ್ಲ ಗಿಲಿಗಿಲಿ ಅನ್ನುತ್ತವೆ.

ಆ ರಾತ್ರಿ ನನ್ನದೇ ಪಾಳಿ.
ಹನ್ನೊಂದೂ ನಲವತ್ತಕ್ಕೆ ತಿರುವಿಗೆ ಬಂದು
ಹಿಡಿಯನ್ನು ಹಿಂದಕ್ಕೆಳೆದೆ,
ಮೂವತ್ತು ಟನ್ ಕಬ್ಬಿಣ ತುದಿಗಾಲಲ್ಲಿ ನಡೆಯಿತು.
ಕುಡಿದಿದ್ದ ಒಬ್ಬ ಹಿಂದಿನ ಸೀಟಿನಿಂದ ಕೂಗಿದ,
ಏನಮ್ಮಾ, ಎತ್ತಿನ ಗಾಡಿಯೇನು ಇದು?
ಮೂರನೇ ಮಹಡಿಯಲ್ಲಿ ಯಾರೋ
ಬಟ್ಟೆ ಬದಲಾಯಿಸುತ್ತಿದ್ದಾರೆ, ಅಂದೆ.
ಅವನು ಕತ್ತೆತ್ತಿ ಕತ್ತಲ ಕಿಟಕಿಗಳನ್ನೆಲ್ಲ ನೋಡಿದ,
ಪಾಪ, ಟೋಪಿ ತೆಗೆದ.

ಭಾನುವಾರ, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ
ಕಳಚಿದ್ದನ್ನು ಒಯ್ದೆ.
ಅವನ ಅಂಗೈಯಲ್ಲಿ ಕಲ್ಲಿದ್ದಲು ಕೊರೆದ ನೀಲಿ ಗೆರೆಗಳು,
ಅವುಗಳ ಮೇಲೆ ಎಂಟು ಕಾಲಿನ ಖಾಲಿ ಕೋಟು,
ಉಸಿರು ತಾಗಿದರೆ ಹಾರುವಂಥದ್ದು.
ಅವನು ಉಸಿರು ಹಿಡಿದ. ಹೆಚ್ಚು ಹೊತ್ತು ಆಗಲಿಲ್ಲ.

ಎಡಗಡೆಯ ದಾರ?
ಬಂದಿದೆ, ಅಂದೆ. ಸ್ವಲ್ಪ ಗಿಡ್ಡ, ಆದರೆ ಬಂದಿದೆ.
ಹಾಸಿಗೆಯ ತುದಿಗೆ ಸಿಕ್ಕಿಸಿದ್ದ ಎಕ್ಸ್‌ರೇ ಕಡೆ ನಾವಿಬ್ಬರೂ ನೋಡಲಿಲ್ಲ.

ಗಂಟೆ ಹೊಡೆದು ನಾನು ಎದ್ದಾಗ
ಹಿಂದಿನಿಂದ ಕರೆದ:
ಈ ಗುರುವಾರ ಜೀರುಂಡೆ ಬೇಡ,
ಮುಳ್ಳು ಇನ್ನೂ ಮೆತ್ತಗಿರುತ್ತೆ.
ನೀರು ಮಾತ್ರ.
ಒಂದು ಗೋಡೆಗೆ.