ಹಿಟ್ಟಿನಾಗ ತಗೊಂಡ ಅಳತಿ

ಕ್ಯಾಂಪಿನ ಫರ್ನಾಂಡಿಸ್ ಬಾಯಿ ಮನಿ ಖಾಲಿ ಮಾಡೂವಾಗ
ಕನ್ನಡಿ ಕಪಾಟ ತರತೇನಂತ ಹೋದ ನಮ್ಮವರು
ನಾಕು ಗಾಲಿ ಮ್ಯಾಲ ಇದನ್ನ ದೂಡ್ಕೋತ ಬಂದ್ರು.
ಸಾಸಿವಿ ಹೂವಿನ ಹಳದಿ, ಮೂಲಿಗೆ ತುಕ್ಕು,
ಸೊಂಟದ ಮಟ್ಟ ಎತ್ತರ, ಮ್ಯಾಲ ಮುಚ್ಚಳ.
ಒಳಗ ಕ್ರಿಸ್ಮಸ್ ನಕ್ಷತ್ರ ಎರಡು, ಸತ್ತ ಹಲ್ಲಿ ಒಂದು.
"ಭಾಂಡಿ ತೊಳಿತೈತಂತ" ಅಂದ್ರು
ತಮಗೂ ನಂಬಿಕಿ ಇಲ್ಲದ ದನಿಯಾಗ.
ನನ್ನ ಬೆರಳಿನ ಸಂದಿ ಒಡದದ್ದು ನೋಡಿ ತಂದ್ರೋ,
ಅಗ್ಗ ಸಿಕ್ಕಿತಂತ ತಂದ್ರೋ,
ನಾ ಕೇಳಲಿಲ್ಲ.

ಅತ್ತಿ ಕಟ್ಟಿ ಇಳೀಲೇ ಇಲ್ಲ.
"ಅದರ ಹೊಟ್ಟ್ಯಾಗ ಏನೇನ ತೊಳದಾರೋ!"
ಮೂಗಿಗೆ ಸೆರಗು.
ಮೂರು ದಿನ ಅಂಗಳದಾಗ ನಿಂತಿತ್ತು ಪಾಪ,
ಕುದಿಯೋ ನೀರು, ಹುಣಸಿಹಣ್ಣು, ಮತ್ತ ಕುದಿಯೋ ನೀರು.
ಭಾಂಡಿ ತೊಳಿಯೋ ಮಿಷನ್ನು
ಮೊದಲ ನಾವ ತೊಳದ್ವಿ.

ಆಮ್ಯಾಲ ನಳ.
ನಮ್ಮ ನಳದ ಬಾಯಿ ಅರ್ಧ ಇಂಚು.
ಇದರ ಪೈಪಿನ ತುದಿಗೊಂದು ಹಿತ್ತಾಳಿ ಗುಬುಟು,
ಅದರ ಆಟಿ ಯಾವ ದೇಶದ್ದೋ,
ರವಿವಾರ ಪೇಟ್ಯಾಗ ಏಳು ಅಂಗಡಿ ಏರಿ ಇಳದ್ವಿ, ಕೂಡಲಿಲ್ಲ.

ಮೈದುನ ಪಾಯಪ್ಪ ಉದ್ಯಮಬಾಗದಾಗ ಲೇಥ್ ಹಾಕ್ಯಾನ.
ಬಂದ, ನೋಡಿದ, ಸಿಳ್ಳಿ ಹೊಡದ.
ಗೇಜ್ ಮರತು ಬಂದಿದ್ದ.
ನಾ ನಾದತಿದ್ದ ಚಪಾತಿ ಹಿಟ್ಟಿನಾಗ ಒಂದುಂಡಿ ಕಿತ್ತು
ಆಟಿ ಅದರಾಗ ಒತ್ತಿ
ಸ್ಟೀಲ್ ಡಬ್ಬ್ಯಾಗ ಇಟ್ಟುಕೊಂಡು ಹೋದ,
ಊಟ ಒಯ್ದಂಗ.

ಹಿಟ್ಟು ಒಣಗತೈತಿ. ಒಣಗಿದ್ದು ಕುಗ್ಗತೈತಿ.
ರೊಟ್ಟಿ ಬಡಿಯೋ ಯಾವ ಹೆಂಗಸಿಗೆ ಕೇಳಿದ್ರೂ ಹೇಳತಿದ್ಲು.
ಅವ ತಂದ ನಟ್ಟು ಎರಡು ಸುತ್ತಿಗೆ ಕಚ್ಚಿಕೊಂತು,
ನಳ ತಿರುವಿದ್ರ ಕಾರಂಜಿ,
ಬಾಹುಬಲಿ ಫೋಟೋಕ್ಕ, ಕ್ಯಾಲೆಂಡರಿಗೆ, ನಮ್ಮವರ ಬನಿಯನ್ನಿಗೆ.
ಎರಡನೇ ಸಲ ನಾ ಅರಿವಿ ಸಾಬೂನಿನ ಗಟ್ಟಿ ಕೊಟ್ಟೆ.
ಸಾಬೂನು ಸುಳ್ಳ ಹೇಳಲಿಲ್ಲ.

ಇನ್ನ ಕರೆಂಟು.
ಇದು ನಮ್ಮದರಾಗ ಅರ್ಧ ಅಷ್ಟ ಉಣ್ಣೂ ಪ್ರಾಣಿ,
ಪೂರಾ ಕೊಟ್ರ ಸುಟ್ಟು ಹೋಗತೈತಿ ಅಂದ.
ಖಡೇಬಜಾರದಿಂದ ಟ್ರಾನ್ಸ್‌ಫಾರ್ಮರ್ ಬಂತು,
ಎರಡು ವರ್ಷದ ಕೂಸಿನ ತೂಕ,
ಜ್ವರ ಬಂದವರಂಗ ನರಳತಿತ್ತು.

ಗುಂಡಿ ತಿರುವಿದ್ವಿ. ಟಿಕ್ ಟಿಕ್ ಟಿಕ್.
ನೀರು ಬರವಲ್ದು.
ಪಾಯಪ್ಪ ನೆಲಕ್ಕ ಮಲಗಿ ಕೆಳಗಿನ ತಗಡು ಬಿಚ್ಚಿದ.
ವಾಲ್ವಿನ ಬಾಯಾಗ ಇರಬೇಕಾದ ಜಾಳಗಿ ಇಲ್ಲ,
ಕೆಂಪು ಉಸುಕು ಮೆತ್ತೈತಿ, ಅಕ್ಕಿಕಾಳಿನಷ್ಟು ತುಕ್ಕು.
"ಗಾಳಿಸದ ನೀರು," ಅಂದ್ರು ಅತ್ತಿ.
"ನಾ ಈ ಮನಿಗೆ ಬಂದಾಗಿಂದ ನಳಕ್ಕ ಕಟ್ಟಿದ ಅರಿವಿ,
ನೀವ ಬಿಚ್ಚಿದ್ರಿ, ಆ ಗುಬುಟಿನ ಸಲುವಾಗಿ."

ಯಾರೂ ಮಾತಾಡಲಿಲ್ಲ.
ಮೊದಲನೇ ಸಲ ಅದರ ಹತ್ತರ ಬಂದ್ರು,
ಬಿಳಿ ಅರಿವಿ ಎರಡು ಪದರ ಮಡಚಿ
ನಟ್ಟಿನೊಳಗ ಹೆಬ್ಬಟ್ಟಿಲೇ ಒತ್ತಿ ಕೂಡಿಸಿದ್ರು.
"ಈಗ ಬಿಗಿ ಮಾಡೋ, ಪಾಯಾ."

ನೀರು ಬಿತ್ತು.
ಒಳಗ ಯಾರೋ ಅವಸರದಾಗ ಜಳಕಾ ಮಾಡಿದಂಗ ಸಪ್ಪಳ.
ಮುಚ್ಚಳದ ಒಳಮೈ ಚಿತ್ರದಾಗ
ಮೀನಿನಂಥಾ ಉದ್ದ ತಾಟು, ಕಾಲಿದ್ದ ಗ್ಲಾಸು.
ನಾವು ಇಟ್ಟದ್ದು ಹನ್ನೊಂದು ಗಂಗಾಳ, ಝುಣಕದ ಬೋಗುಣಿ.
ಪರಾತ ಹಿಡೀಲಿಲ್ಲ. ಹಂಚಿನ ಮಾತಂತೂ ಬ್ಯಾಡ.
ಕೈ ಎಲ್ಲಿ ಇಡಬೇಕೋ ತಿಳೀಲಿಲ್ಲ ನನಗ.
ಸೆರಗಿಗೆ ಒರಸಿಕೊಂಡೆ,
ಒಣಗೇ ಇದ್ವು.

ಮುಚ್ಚಳ ತಗದಾಗ ಮಾರಿಗೆ ಉಗಿ.
ಅತ್ತಿ ಒಂದು ಗಂಗಾಳ ಬೆಳಕಿಗೆ ಹಿಡದು,
ಉಗುರಿಲೇ ಕೆರದು, ಮತ್ತೊಮ್ಮೆ ಹಿಡದು,
"ನಿನಗಿಂತ ಅಡ್ಡಿಯಿಲ್ಲ" ಅಂದ್ರು ನನಗ.
ಆಮ್ಯಾಲ ನಟ್ಟು ಬಿಚ್ಚಿಸಿ, ಅರಿವಿ ತಗದು,
ಉಸುಕಿನ ಸಮೇತ ಹಿತ್ತಲ ಹೌದಿನಾಗ ಜಾಲಾಡಿಸಿದ್ರು,
ಎಲ್ಲಿಂದ ಬಂದ ಜೀವ ಅಲ್ಲಿಗೇ ಹೋಗಲಿ ಅಂತ.
"ನಾಳೆ ಮತ್ತ ಅದ ಉಸುಕು ಬರತೈತೆವ್ವಾ," ಪಾಯಪ್ಪ ತಲಿ ಹಿಡಕೊಂಡ.
"ಬರಲಿ. ಅರಿವಿ ಐತೆಲ್ಲ."

ಹೊತ್ತು ಮುಳುಗಾಕ ಇನ್ನ ಅರ್ಧ ತಾಸು.
ಪಾಯಪ್ಪನ ಮುಂದ ಗಂಗಾಳ ಇಟ್ಟೆ,
ಅನ್ನ ಹಾಕೂಕ ಮೊದಲ
ಬಿಸಿ ಇತ್ತು.